ಜಾಲಿ ಮುಳ್ಳಿನ ಕ್ರಿಸ್ಮಸ್ ಗಿಡ

ಭೀಮರಾಯನಗುಡಿ ಕ್ಯಾಂಪ್
4 ನವೆಂಬರ್ 2024

ಕರುಣಮ್ಮ ಟೀಚರ್ ಅವರಿಗೆ ನಮಸ್ಕಾರ್ರಿ.

ನಾನು ನಾಗಲಕ್ಷ್ಮಿ. ನಿಮ್ಮ ಅಳಿಯ ಸುನೀಲಕುಮಾರ ಅವರನ್ನ ಈ ಏಪ್ರಿಲ್‌ದಾಗ ಶಹಾಪುರದ ರಿಜಿಸ್ಟರ್ ಆಫೀಸಿನ್ಯಾಗ ಮದುವಿ ಆದಾಕಿ. ನಿಮ್ಮ ಅಳಿಯ ಅಂತ ಬರೀಬೇಕೋ, ಕೃಪಾನ ಪಪ್ಪ ಅಂತ ಬರೀಬೇಕೋ ತಿಳೀವಲ್ದು. ತಪ್ಪಾಗಿದ್ರ ಹೊಟ್ಯಾಗ ಹಾಕ್ಕೋರಿ. ಫೋನ್ ಹಚ್ಚಿದ್ರ ಆಯಿಗೆ ಕೇಳಂಗಿಲ್ಲ, ಕಾಗದ ಬರದ್ರ ಓದ್ತಾಳ ಅಂತ ಕೃಪಾ ಹೇಳಿದ್ಲು. ಅದಕ್ಕ ಬರಿಯಾಕತ್ತೇನಿ.

ಕೃಪಾ ಆರಾಮ ಅದಾಳ್ರಿ. ಸಾಲ್ಯಾಗ ಮೂರನೆತ್ತೆ. ಮುಂದಿನ ಹಲ್ಲು ಬಿದ್ದು ಹೊಸಾವು ಬಂದಾವು. ಲೆಕ್ಕದಾಗ ಶಾಣ್ಯಾಕಿ. ನನ್ನ ಕೂಡ ಜಗಳಿಲ್ಲ, ಮಾತೂ ಇಲ್ಲ. ಏನರ ಬೇಕಾದ್ರ "ಏನ್ರಿ" ಅಂತಾಳ, ಅಂಗಡಿಯವರಿಗೆ ಅಂದಂಗ.

ಕಾಗದ ಬರದಿದ್ದು ಕ್ರಿಸ್ಮಸ್ ಸಲುವಾಗಿ. ನಾನು ತಿಂಥಣಿ ಕಡಿ ಒಕ್ಕಲುತನದ ಮನಿ ಮಗಳು. ಮೌನಪ್ಪನ ಗುಡಿ ಗೊತ್ತು, ಮಣ್ಣೆತ್ತು ಗೊತ್ತು, ಎಳ್ಳಮಾಸಿ ಗೊತ್ತು. ಈ ಹಬ್ಬ ಗೊತ್ತಿಲ್ಲ. ಸ್ನೇಹಲತಾ ಅಕ್ಕಾರು ಇದ್ದಾಗ ಪ್ರತಿ ವರ್ಷ ಮನಿಯೊಳಗ ಒಂದು ಗಿಡ ನಿಲ್ಲಿಸಿ, ಹೊಲದಾಗ, ಕಾಲುವಿ ದಂಡಿಮ್ಯಾಗ ಸಿಗೂವ ಒಣ ಕಾಯಿ, ಹುಲ್ಲು, ಹತ್ತಿ ತಂದು ಕೈಯಾರೆ ಸಿಂಗಾರ ಮಾಡ್ತಿದ್ರಂತ. ಅವರು ಹೋದ ಮ್ಯಾಲ ಎರಡು ಕ್ರಿಸ್ಮಸ್ ಈ ಮನಿಯಾಗ ಗಿಡ ನಿಂತಿಲ್ಲ. ಈ ಸಲ ನಿಲ್ಲಿಸಬೇಕಂತ ನನ್ನ ಆಸಿ. ಆ ಸಾಮಾನಿನ ಡಬ್ಬಿ ನಿಮ್ಮ ಹತ್ರ ಐತಿ ಅಂತ ಕೃಪಾ ಅಂದ್ಲು. ಈಯೊಂದು ಹಬ್ಬಕ್ಕ ಕಳಿಸಿದ್ರ ಜ್ವಾಕಿ ಮಾಡಿ ತಿರುಗಿ ಮುಟ್ಟಸ್ತೀನಿ. ಕೊಡಾಕ ಮನಸ್ಸಿಲ್ಲಂದ್ರ ಹೆಂಗ ಮಾಡ್ತಿದ್ರು ಅಂತ ನಾಕು ಸಾಲು ಬರದ್ರೂ ಆತು.

ನಾ ಬರದದ್ದು ಇವರಿಗೆ ಗೊತ್ತಿಲ್ಲ. ಕಾಲೇಜಿನ ಬಸ್ ಹೊಡಕೊಂಡು ಡ್ಯೂಟಿಗೆ ಹೋಗ್ಯಾರ.

ನಾಗಲಕ್ಷ್ಮಿ


ಯಾದಗಿರಿ
12 ನವೆಂಬರ್ 2024

ಶ್ರೀಮತಿ ನಾಗಲಕ್ಷ್ಮಿ ಅವರಿಗೆ,

ನಿಮ್ಮ ಪತ್ರ ತಲುಪಿತು. ಕೃಪಾ ಆರೋಗ್ಯವಾಗಿರುವುದನ್ನು ತಿಳಿದು ದೇವರಿಗೆ ಸ್ತೋತ್ರ ಸಲ್ಲಿಸಿದೆ.

ನೀವು ಕೇಳಿದ ಡಬ್ಬಿಯನ್ನು ಕೊಡಲು ಬರುವುದಿಲ್ಲ. ಮಾಡುವ ವಿಧಾನ ಕೇಳಿದ್ದೀರಿ. ಅದು ನನ್ನ ಮಗಳ ಕೈಕೆಲಸ. ಕಾಗದದ ಮೇಲೆ ಬರೆದು ಕಲಿಸುವಂಥದ್ದಲ್ಲ. ಈಗ ಅಂಗಡಿಗಳಲ್ಲಿ ಪ್ಲಾಸ್ಟಿಕ್ಕಿನ ಮರ, ಬಣ್ಣದ ಗುಂಡು, ನಕ್ಷತ್ರ ಎಲ್ಲವೂ ಸಿಗುತ್ತವೆ. ಇಲ್ಲಿ ಸ್ಟೇಷನ್ ರಸ್ತೆಯಲ್ಲಿ ನೋಡಿದ್ದೇನೆ. ಶಹಾಪುರದಲ್ಲಿಯೂ ಸಿಗಬಹುದು. ನಿಮಗೆ ಅದೇ ಅನುಕೂಲ.

ಕೃಪಾ ಭಾನುವಾರದ ಶಾಲೆಗೆ ಹೋಗುತ್ತಾಳೆಯೇ? ವಾಕ್ಯ ಬಾಯಿಪಾಠ ಮಾಡಿಸುವವರು ಯಾರು? ಅವಳಿಗೆ ಬದನೆಕಾಯಿ ಆಗುವುದಿಲ್ಲ, ಮೈಮೇಲೆ ದದ್ದು ಏಳುತ್ತವೆ. ನಿಮಗೆ ಯಾರೂ ಹೇಳಿರಲಿಕ್ಕಿಲ್ಲ.

ನಿಮ್ಮ ಯಜಮಾನರು ನನ್ನ ಸಂಗಡ ಮಾತು ಬಿಟ್ಟಿದ್ದಾರೆ. ಎರಡನೆಯ ಮದುವೆಗೆ ಮುಂಚೆ, ಕೃಪಾಳನ್ನು ನನಗೆ ಒಪ್ಪಿಸಿರೆಂದು ಕೇಳಿದ್ದೇ ಅದಕ್ಕೆ ಕಾರಣ. ಅವರಿಗೆ ತಿಳಿಯದಂತೆ ಪತ್ರ ಬರೆಯುವುದು ನಿಮ್ಮ ಸಂಸಾರಕ್ಕೆ ಒಳ್ಳೆಯದಲ್ಲ.

ಇಂತಿ,
ಕರುಣಮ್ಮ
ನಿವೃತ್ತ ಶಿಕ್ಷಕಿ


ಭೀಮರಾಯನಗುಡಿ ಕ್ಯಾಂಪ್
17 ನವೆಂಬರ್ 2024

ಟೀಚರ್ ಅವರಿಗೆ,

ಬದನಿಕಾಯಿ ವಿಷಯ ಬರದದ್ದು ಭಾಳ ಚಲೋ ಆತ್ರಿ. ನಾ ವಾರ ವಾರ ಎಣಗಾಯಿ ಮಾಡ್ತಿದ್ದೆ. ಕೂಸು ತುಟಿ ಪಿಟಕ್ಕನ್ನದ ತಿಂದು ಮೈ ಕೆರಕೊಂತ ಕುಂಡ್ರತಿತ್ತು. ಇವರಿಗೂ ನೆನಪಿದ್ದಿಲ್ಲ. ಬಂದ್ ಮಾಡೇನಿ.

ನೀವು ಹೇಳಿದಂಗ ಶಹಾಪುರ ಬಜಾರಕ್ಕ ಹೋಗಿ ಬಣ್ಣದ ಗುಂಡು ತಂದೆ. ಕೃಪಾ ನೋಡಿ "ಚಂದ ಅದಾವ್ರಿ" ಅಂದು ಆಟಕ್ಕ ಹೋದ್ಲು. ಅವು ಇನ್ನೂ ಕಪಾಟಿನ ಮ್ಯಾಲೇ ಕುಂತಾವು.

ಮೊದಲನೇ ಕಾಗದದಾಗ ಒಂದು ಮಾತು ಬರದಿರಲಿಲ್ಲ. ಈಗ ಬರೀತೀನಿ. ಕೃಪಾ ಸಾಲಿಯಿಂದ ಬರೂವಾಗ ದಿನಾ ಕಾಲುವಿ ದಂಡಿಯಿಂದ ಒಣ ಕಾಯಿ, ಹಕ್ಕಿ ಪುಕ್ಕ, ಏನೇನೋ ತಂದು ಮಂಚದ ಬುಡಕ ಕೂಡಿಡ್ತಿದ್ಲು. ದೀಪಾವಳಿಗೆ ಮನಿ ಸ್ವಚ್ಛ ಮಾಡೂವಾಗ ಎಲ್ಲಾ ಗುಡಿಸಿ ಕಸದ ಗಾಡಿಗೆ ಹಾಕಿಬಿಟ್ಟೆ. ಆ ದಿನ ಆಕಿ ಉಣಲಿಲ್ಲ. ಜ್ವರ ಬಂತೇನೋ ಅಂತ ಹಣಿ ಮುಟ್ಟಿ ನೋಡಿದೆ. ಬಾಜೂ ಕ್ವಾರ್ಟರ್ಸಿನ ಉಮೆಸಲ್ಮಾ ಆಂಟಿ ಬಂದು, "ಅಯ್ಯೋ, ಅದು ಕಚರಾ ಅಲ್ಲಮ್ಮಾ, ಇವಳ ಮಮ್ಮಿ ಕ್ರಿಸ್ಮಸ್ ಗಿಡಕ್ಕ ಹಾಕೋ ಸಾಮಾನು" ಅಂದ್ರು. ನಿಮಗ ಕಾಗದ ಬರದದ್ದು ಆ ಮಾತು ಕೇಳಿದ ಮ್ಯಾಲ.

ನಿನ್ನಿ ನನಗ ಬಂದದ್ದು ನಾ ಮಾಡಿದೆ. ಸಣ್ಣೋರಿದ್ದಾಗ ನಾವು ಜ್ವಾಳದ ದಂಟಿನ ಬೆಂಡಿಲೆ ಬಂಡಿ, ಚಸ್ಮಾ ಮಾಡಿ ಆಡ್ತಿದ್ದೆವು. ಒಬ್ಬರ ಕಣಿಕಿ ಬಣವಿಯಾಗ ಒಂದಿಷ್ಟು ದಂಟು ಕೇಳಿ ತಂದು, ಸಿಪ್ಪಿ ಸುಲಿದು, ಬೆಂಡಿನ ಚುಕ್ಕಿ ಮಾಡಿದೆ. ಕೃಪಾ ಕೈಯಾಗ ಹಿಡದು ತಿರುವಿ ತಿರುವಿ ನೋಡಿದ್ಲು.

"ಮಮ್ಮಿದು ಹಿಂಗಿರಲಿಲ್ಲ."

"ಹೆಂಗಿತ್ತವ್ವ? ಹೇಳು, ಹಂಗ ಮಾಡೂನು."

ಬಾಯಿ ತಗದ್ಲು. ಆಮ್ಯಾಲ ಅಳಾಕ ಹತ್ತಿದ್ಲು ನೋಡ್ರಿ. "ನನಗ ನೆನಪಿಲ್ಲ, ನನಗ ನೆನಪಿಲ್ಲ" ಅಂತ ಅದೊಂದೇ ಮಾತು. ಹತ್ರ ಹೋದ್ರ ಕೈ ಸರಸ್ತಾಳ, ಬಿಟ್ಟು ಎದ್ರ ಇನ್ನೂ ಜೋರು ಅಳ್ತಾಳ. ನಾ ಅಲ್ಲೇ ನೆಲದ ಮ್ಯಾಲ ಕುಂತೆ.

ಇಷ್ಟು ದಿನ ಈ ಹುಡುಗಿಗೆ ನನ್ನ ಮ್ಯಾಲ ಸಿಟ್ಟು ಅಂದ್ಕೊಂಡಿದ್ದೆ. ಅಲ್ಲರಿ. ಆಕಿ ಅವ್ವನ್ನ ಮರಿಯಾಕತ್ತಾಳ, ಅದು ಆಕಿಗೇ ತಿಳಿಯಾಕತ್ತೈತಿ. ಅಕ್ಕಾರು ಹೋದಾಗ ಆರು ವರ್ಷದ ಜೀವ. ಎಷ್ಟಂತ ಹಿಡದಿಟ್ಕೊಂಡೀತು?

ನಾ ಹೇಳೂನಂದ್ರ ಅವರನ್ನ ನೋಡೇ ಇಲ್ಲ. ಇವರ ಮುಂದ ಆ ಹೆಸರು ತಗದ್ರ ಎದ್ದು ಹೊರಗ ಹೋಗ್ತಾರ. ಉಮೆಸಲ್ಮಾ ಆಂಟಿ ಗಿಡ ನೋಡ್ಯಾರ, ಮಾಡೂದು ನೋಡಿಲ್ಲ. ಉಳಿದಾಕಿ ನೀವೊಬ್ರೇ. ಡಬ್ಬಿ ನಿಮ್ಮ ಹತ್ರಾನೇ ಇರಲಿ. ಆಕಿಗೆ ನೆನಪಿಲ್ಲದ್ದು ನಿಮಗ ನೆನಪೈತಲ್ಲ, ಅದನ್ನ ಬರದು ಕಳಿಸ್ರಿ.

ನಾಗಲಕ್ಷ್ಮಿ


ಯಾದಗಿರಿ
22 ನವೆಂಬರ್ 2024

ನಾಗಲಕ್ಷ್ಮಿಗೆ,

ನಿಮ್ಮ ಪತ್ರವನ್ನು ಓದಿದೆ. ಉತ್ತರ ಬರೆಯಲು ಕೂತು ಎರಡು ಸಲ ಹರಿದು ಹಾಕಿದೆ. ಶಾಲೆಯ ಕನ್ನಡದಲ್ಲಿ ಇದು ಬರೀಲಾಕ ಬರವಲ್ದು. ಮನಿ ಮಾತಿನಾಗೇ ಬರೀತೀನಿ. ಕೃಪಾಗ ಓದಿ ಹೇಳು.

ಸ್ನೇಹಾನ ಗಿಡ ಅಂದ್ರ ಜಾಲಿ ಟೊಂಗಿ. ಹೌದು, ಮುಳ್ಳಿಂದೇ. ಮದುವಿಯಾಗಿ ಕ್ಯಾಂಪಿಗೆ ಹೋದ ಮೊದಲನೇ ವರ್ಷ ನಾ ನೋಡ್ಲಾಕ ಹೋದ್ರ ಪಡಸಾಲಿ ನಡು ಜಾಲಿ ಟೊಂಗಿ ನಿಂತದ. "ಏನವ್ವ ಇದು? ಮುಳ್ಳು ಶುಭಶುಕ್ರವಾರಕ್ಕ, ಕ್ರಿಸ್ಮಸ್ಸಿಗಲ್ಲ" ಅಂತ ಬೈದೆ. ನಕ್ಕಳು. "ಮಮ್ಮಿ, ಇದಕ್ಕ ದಾರಾನೇ ಬೇಕಾಗಂಗಿಲ್ಲ, ಮುಳ್ಳೇ ಹಿಡ್ಕೋತದ ನೋಡು" ಅಂತ ಒಂದು ಬಿರಿದ ಹತ್ತಿಕಾಯಿ ಚುಚ್ಚಿ ತೋರಿಸಿದ್ಲು. ಹಿಮ ಅಂತ. ನಮ್ಮ ವಂಶದಾಗ ಯಾರೂ ಹಿಮ ನೋಡಿಲ್ಲ. ಹತ್ತಿ ನೋಡೀವಿ, ಅಷ್ಟೇ ಸಾಕು ಅಂತಿದ್ಲು.

ಸೀತಾಫಲ ಗಿಡದಾಗೇ ಒಣಗಿ ಕರ್ರಗಾಗಿ ಜೋತಿರ್ತಾವಲ್ಲ, ಯಾರೂ ಹರಿಯಂಗಿಲ್ಲ, ಅವನ್ನ ತರ್ತಿದ್ಲು. ಮ್ಯಾಲಿನ ಗುಬ್ಬಿಗೆ ಬಟ್ಟಿಲೆ ಸುಣ್ಣ ಮುಟ್ಟಿಸಿದ್ರ ಬಿಳಿ ತಲಿ ಆಗ್ತದ. ಅವಕ್ಕ 'ಮುದುಕರು' ಅಂತ ಹೆಸರು. ಕಾಲುವಿ ದಂಡಿ ಗಿಡದ ಉದ್ದನ್ನ ಒಣ ಕಾಯಿ, ಅಳ್ಳಾಡಿಸಿದ್ರ ಗಲಗಲ ಅಂತಾವ, ಅವನ್ನ ಕೆಳಗಿನ ಟೊಂಗಿಗೆ, ಕೃಪಾನ ಕೈಗೆ ಎಟಕೂವಂಗ. ದೂತರನ್ನ ಗೋಂಜಾಳದ ತೆನಿ ಸಿಪ್ಪಿಲೆ ಮಾಡ್ತಿದ್ಲು. ನೀರಾಗ ಒದ್ದಿ ಮಾಡಿ ಮಡಚಿ ನಡುವಿಗೆ ನಾರು ಕಟ್ಟಿದ್ರ ಲಂಗ ಆತು. ಮಾರಿಗೆ ಒಂದು ಕಡ್ಲಿಕಾಳು. "ಮಮ್ಮಿ, ಕಡ್ಲಿಗೆ ದೇವರೇ ಮೂಗು ಇಟ್ಟು ಕಳಿಸ್ಯಾನ, ನಾ ಬರೀ ಕಣ್ಣು ಬರದ್ರ ಆತು" ಅಂತಿದ್ಲು.

ಚುಕ್ಕಿ ಮಾತ್ರ ನೆಲ್ಲುಹುಲ್ಲಿಂದು. ಕೃಪಾ ಅಂದದ್ದು ಖರೆ, ಬೆಂಡಿಂದಲ್ಲ. ಹುಲ್ಲನ್ನ ಹಿಂದಿನ ದಿನ ತಣ್ಣೀರಿನಾಗ ನೆನಿಹಾಕಬೇಕು. ಮರುದಿನ ಮೆತ್ತಗಾದ ಮ್ಯಾಲ ಚಪ್ಪಟಿ ಮಾಡಿ, ಒಂದರ ಮ್ಯಾಲೊಂದು ಅಡ್ಡಡ್ಡ ಇಟ್ಟು ನಡುವ ದಾರ ಸುತ್ತಬೇಕು.

ಕೆಲಸ ಮಾಡೂವಾಗ ಸ್ನೇಹಾ ನಾಲಿಗಿ ತುದಿ ಹೊರಗ ಹಾಕ್ತಿದ್ಲು. ಸಣ್ಣಾಕಿದ್ದಾಗಿಂದ ಅದೇ ಚಾಳಿ. ಬೈದು ಬೈದು ನಾ ಸೋತೆ. ಕೃಪಾಗ ಹೇಳು.

ಕರುಣಮ್ಮ


ಭೀಮರಾಯನಗುಡಿ ಕ್ಯಾಂಪ್
1 ಡಿಸೆಂಬರ್ 2024

ಆಯಿಯವರಿಗೆ ನಮಸ್ಕಾರ. ಹಿಂಗ ಕರದ್ರ ನಡೀತೈತಲ್ರಿ?

ನಿಮ್ಮ ಕಾಗದ ಓದಿ ಹೇಳಿದೆ. ಕೃಪಾ ಕೇಳಿ, "ಇನ್ನೊಮ್ಮೆ ಓದ್ರಿ" ಅಂದ್ಲು. ಓದಿದೆ. ನಾಲಿಗಿ ಮಾತು ಬಂದಾಗ ತನ್ನ ಬಾಯಿ ಮುಟ್ಟಿ ನೋಡಿಕೊಂಡ್ಲು. ಯಾಕಂತೀರಿ? ಆಕೀನೂ ಲೆಕ್ಕ ಮಾಡೂವಾಗ ಹಂಗೇ ಹಾಕ್ತಾಳ್ರಿ. ಆಕಿಗೆ ಗೊತ್ತೇ ಇದ್ದಿಲ್ಲ.

ಹುಲ್ಲಿನ ಚುಕ್ಕಿ ಮಾತ್ರ ಕೆಟ್ಟಿತು. ನೀವಂದಂಗ ತಣ್ಣೀರಾಗ ನೆನಿಹಾಕಿದ್ವಿ. ಮರುದಿನ ನೋಡಿದ್ರ ಹುಲ್ಲು ಹಳಸಿ ನಾರಾಕತ್ತಿತ್ತು. ದಾರ ಸುತ್ತಿದ್ರ ಜಾರ್ತೈತಿ. ನಾ ತಲಿ ಕೆರಕೊಂತ ಕುಂತಿದ್ದೆ. ಕೃಪಾ ಒಮ್ಮೆಲೇ ಎದ್ದು, "ಆಯಿಗೆ ಗೊತ್ತಿಲ್ಲ! ಬಿಸಿನೀರು! ಮಮ್ಮಿ ಬಿಸಿನೀರಾಗ ಹಾಕಿ ಚಾ ಕುಡೀತಿದ್ಲು, ಚಾ ಮುಗಿಯೂದ್ರಾಗ ತಗೀತಿದ್ಲು!" ಅಂದ್ಲು. ಅಂದಾಕಿ ಹಂಗೇ ನಿಂತ್ಲು. ತನ್ನ ಬಾಯಿಂದ ಬಂದದ್ದು ತಾನೇ ಕೇಳಿಸ್ಕೊಂಡಂಗ. ಆಮ್ಯಾಲ ಸುರುವಾತು ನೋಡ್ರಿ ಮಾತು. ಮಮ್ಮಿ ಹಳದಿ ಸೀರಿ, ಮಮ್ಮಿ ಸ್ಟೀಲಿನ ಗ್ಲಾಸಿನಾಗೇ ಚಾ ಕುಡಿಯೂದು, ಮಮ್ಮಿ ದಾರ ಹಲ್ಲಿಲೆ ಕಡಿಯೂದು. ಕೈ ಕೆಲಸ ಮಾಡ್ತಿದ್ರ ಬಾಯಿ ತಾನಾಗೇ ಬಿಚ್ಚತೈತಿ. ನೀವು ತಪ್ಪು ಬರದದ್ದೇ ಚಲೋ ಆತು. ಸರಿ ಬರದಿದ್ರ ಇದೆಲ್ಲಾ ಹೊರಗ ಬರತಿರಲಿಲ್ಲ.

ಈಗ ಆರು ಚುಕ್ಕಿ ಆಗ್ಯಾವು. ಮುದುಕರು ಸಾಲಾಗಿ ಕಿಟಕ್ಯಾಗ ಕುಂತಾರ. ಕಡ್ಲಿಕಾಳಿಗೆ ಕಣ್ಣು ಬರಿಯೂದು ಕೃಪಾನ ಕೆಲಸ. ಒಬ್ಬ ದೂತಗ ಮೆಳ್ಳಗಣ್ಣಾಗೈತಿ. ಇರಲಿ ಅಂದ್ಲು.

ಮೊನ್ನೆ ಆಕಿ ನನ್ನ ಪರೀಕ್ಷಾ ಮಾಡಿದ್ಲು. "ಯೇಸುಸ್ವಾಮಿನ ಗೋದಲಿಯೊಳಗ ಮಲಗಿಸಿದ್ರು. ಗೋದಲಿ ಅಂದ್ರೇನು ನಿಮಗ ಗೊತ್ತೇನ್ರಿ?" ನಾ ನಕ್ಕೆ. ಗ್ವಾದಲಿ ನನಗ ಗೊತ್ತಿಲ್ಲೇನ್ರಿ! ನಮ್ಮಪ್ಪನ ಎತ್ತು ತಿನ್ನೂದು ಅದರಾಗೇ. ನಾ ಸಣ್ಣಾಕಿದ್ದಾಗ ಅದರಾಗ ಮೇವಿನ ಮ್ಯಾಲ ಮಲಗಿ ನಿದ್ದಿ ಮಾಡೀನಿ, ಅವ್ವ ಊರೆಲ್ಲಾ ಹುಡುಕ್ಯಾಳ. ಕೃಪಾಗ ಭಾಳ ಆಶ್ಚರ್ಯ. "ಖರೇನ? ಎತ್ತು ಏನೂ ಮಾಡಲಿಲ್ಲೇನು?" "ಮೂಸಿ ನೋಡಿ ಬಿಟ್ಟಿತು" ಅಂದೆ. ಅವತ್ತೇ ಬೆಂಡಿಲೆ ಒಂದು ಗ್ವಾದಲಿ ಮಾಡಿದ್ವಿ. ಎರಿಮಣ್ಣಿಲೆ ಎರಡು ಎತ್ತು. ಇದು ಅಕ್ಕಾರ ಗಿಡದಾಗ ಇದ್ದಿಲ್ಲೇನೋ. ನಿಮಗ ಸರಿ ಅನಸ್ಲಿಲ್ಲಂದ್ರ ತಗದುಬಿಡ್ತೀನಿ.

ಕೃಪಾ ತಾನೂ ಬರೀತೀನಿ ಅಂದ್ಲು. ಏನು ಬರದಾಳೋ, ನನಗ ತೋರಿಸಲಿಲ್ಲ. ಒಳಗ ಇಟ್ಟೀನಿ.

ನಾಗಲಕ್ಷ್ಮಿ

*

ಆಯಿಗೆ ಕೃಪಾ ಮಾಡುವ ನಮಸ್ಕಾರಗಳು. ನಾನು ಚೆನ್ನಾಗಿದ್ದೇನೆ. ನೀನು ಚೆನ್ನಾಗಿರುವೆಯಾ? ನಾನು ನಕ್ಷತ್ರ ಮಾಡಿದೆ. ಬಿಸಿನೀರು. ಇವರಿಗೆ ದಿನಾಲು ಬೆಳಿಗ್ಗೆ ವಾಂತಿ ಆಗುತ್ತದೆ. ನಲ್ಲಿ ಬಿಟ್ಟು ವಾಂತಿ ಮಾಡುತ್ತಾರೆ. ಪಪ್ಪನಿಗೆ ಗೊತ್ತಿಲ್ಲ. ನನಗೆ ಗೊತ್ತು. ನೀನು ಪ್ರಾರ್ಥನೆ ಮಾಡು. ಕೃಪಾ, ಮೂರನೆಯ ತರಗತಿ.


ಯಾದಗಿರಿ
6 ಡಿಸೆಂಬರ್ 2024

ಶ್ರೀಮತಿ ನಾಗಲಕ್ಷ್ಮಿ ಅವರಿಗೆ,

ನಿಮ್ಮ ಪತ್ರ ಮತ್ತು ಕೃಪಾಳ ಚೀಟಿ ಎರಡನ್ನೂ ಓದಿದೆ. ನೀವು ಬರೆಯದೇ ಬಿಟ್ಟದ್ದನ್ನು ಮಗು ಬರೆದಿದೆ. ನಿಮಗೆ ಶುಭವಾಗಲಿ.

ನಾನು ಮುಚ್ಚಿಟ್ಟು ಮಾತಾಡುವವಳಲ್ಲ. ನಿಮ್ಮದೇ ಕೂಸು ಮಡಿಲಿಗೆ ಬಂದ ಮೇಲೆ ಈ ಮನೆಯಲ್ಲಿ ಕೃಪಾಳ ಜಾಗ ಯಾವುದೆಂದು ನನಗೆ ಚಿಂತೆಯಾಗಿದೆ. ನೀವು ಕೆಟ್ಟವರೆಂದು ಹೇಳುತ್ತಿಲ್ಲ. ಒಳ್ಳೆಯವರ ಮನೆಗಳಲ್ಲಿಯೂ ಹೀಗಾದದ್ದನ್ನು ಮೂವತ್ತು ವರ್ಷ ಶಾಲೆಯಲ್ಲಿ ನೋಡಿದ್ದೇನೆ. ತಾಯಿಯಿಲ್ಲದ ಮಕ್ಕಳು ಹಿಂದಿನ ಸಾಲಿನಲ್ಲಿ ಕೂರುತ್ತವೆ.

ಬರುವ ಜೂನಿನಲ್ಲಿ ಅವಳನ್ನು ಯಾದಗಿರಿಯ ಶಾಲೆಗೆ ಸೇರಿಸಿ ನನ್ನ ಬಳಿ ಇರಿಸಿಕೊಳ್ಳುತ್ತೇನೆ. ಈ ಮಾತನ್ನು ನಿಮ್ಮ ಯಜಮಾನರಿಗೆ ನೀವೇ ತಿಳಿಸುವುದು ಒಳ್ಳೆಯದು.

ಇಂತಿ,
ಕರುಣಮ್ಮ


ಭೀಮರಾಯನಗುಡಿ ಕ್ಯಾಂಪ್
11 ಡಿಸೆಂಬರ್ 2024

ಟೀಚರ್ ಅವರಿಗೆ,

ನನಗ ಮೂರು ತಿಂಗಳು. ಖರೆ. ಯಾರಿಗೂ ಹೇಳಿದ್ದಿಲ್ಲ, ಇವರಿಗೂ ಹೇಳಿದ್ದಿಲ್ಲ. ಕೃಪಾ ಏನು ತಿಳ್ಕೊಂತಾಳೋ ಅಂತ ಅಂಜಿ ಹಬ್ಬ ಮುಗೀಲಿ ಅಂತ ಸುಮ್ಮಿದ್ದೆ. ನಲ್ಲಿ ಬಿಟ್ರ ಸಪ್ಪಳ ಕೇಳಂಗಿಲ್ಲ ಅಂದ್ಕೊಂಡಿದ್ದೆ.

ಆದ್ರ ಟೀಚರ್, ಕೃಪಾ ಬರದದ್ದು ಒಂದು, ನೀವು ಓದಿದ್ದು ಇನ್ನೊಂದು. ನಿಮ್ಮ ಕಾಗದ ಬಂದ ಮರುದಿನ ಮುಂಜಾನೆ ನಾ ಮೋರಿ ಮುಂದ ಕುಂತಿದ್ದೆ. ಹಿಂದಿನಿಂದ ಎರಡು ಸಣ್ಣ ಕೈ ಬಂದು ನನ್ನ ಕೂದಲ ಹಿಡದು ಎತ್ತಿದ್ವು. ಬಾಯಿ ತೊಳ್ಕೊಂಡು ತಿರುಗಿ ನೋಡಿದ್ರ ಕೃಪಾ. ಮಾರಿ ಬಿಳಚಿಗೊಂಡೈತಿ. "ಮಮ್ಮಿಗೂ ಮೊದಲ ವಾಂತಿನೇ ಆಗಿತ್ತು. ಆಮ್ಯಾಲ ಕಣ್ಣು ಹಳದಿ ಆತು. ಆಮ್ಯಾಲ ದವಾಖಾನಿಗೆ ಹೋದಾಕಿ ಬರಲಿಲ್ಲ" ಅಂದ್ಲು. ನನ್ನ ಕಣ್ಣು ಹಿಗ್ಗಲಿಸಿ ನೋಡಿದ್ಲು, ಹಳದಿ ಆಗ್ಯಾವೇನು ಅಂತ.

ಅದಕ್ಕ ನಿಮಗ ಪ್ರಾರ್ಥನೆ ಮಾಡು ಅಂತ ಬರದದ್ದು. ಆಕಿಗೆ ಕೂಸು ಗೀಸು ಏನೂ ಗೊತ್ತಿಲ್ಲ. ನಾನೂ ಹೋಗಿಬಿಡ್ತೀನಿ ಅಂತ ಅಂಜ್ಯಾಳ. ಎಷ್ಟು ದಿನದಿಂದ ಒಬ್ಬಾಕಿನೇ ಅಂಜಿಕೊಂಡು ಕುಂತಿದ್ಲೋ.

ಅಪ್ಪಿಕೊಂಡೆ. ಕೈ ಸರಸಲಿಲ್ಲ. ಎಲ್ಲಾ ಬಿಡಿಸಿ ಹೇಳಿದೆ. ನಂಬಲಿಲ್ಲ. ಡಾಕ್ಟರೇ ಹೇಳಬೇಕು ಅಂದ್ಲು.

ನಿನ್ನಿ ಸಂಜಿಕ ಇವರಿಗೂ ಕೂಸಿನ ಮಾತು ಹೇಳಿ, ನಿಮ್ಮ ಕಾಗದ ಎಲ್ಲಾ ಮುಂದ ಇಟ್ಟೆ. ಕಾಗದ ನೋಡಿ ಮೊದಲ ಸಿಟ್ಟಾದ್ರು. "ನನ್ನ ಬೆನ್ನ ಹಿಂದ ಎಷ್ಟು ದಿನದಿಂದ ನಡದೈತಿ ಇದು?" ಅಂದ್ರು. "ನಿಮ್ಮ ಮುಂದ ನಡಸಾಕ ನೀವು ಬಿಟ್ರಿ?" ಅಂದೆ. ಓದಾಕ ಕುಂತ್ರು. ಹತ್ತಿಕಾಯಿ ಚುಚ್ಚಿ ತೋರಿಸಿದ್ದು ಬರದೀರಲ್ಲ, ಅಲ್ಲಿಗೆ ಬಂದು ನಿಂತ್ರು. "ಆ ಟೊಂಗಿ ನಾನೇ ಕಡಕೊಂಡು ಬಂದಿದ್ದೆ. ಕೈಯೆಲ್ಲಾ ರಕ್ತ. ಸ್ನೇಹಾ ಅರಿಷಿಣ ಹಚ್ಚಿದ್ಲು" ಅಂದ್ರು. ಆ ಹೆಸರು ಅವರ ಬಾಯಾಗ ನಾ ಕೇಳಿದ್ದು ಅದೇ ಮೊದಲು. ಆಮ್ಯಾಲ ಕೊಡ್ಲಿ ತಗೊಂಡು ಕಾಲುವಿ ಕಡಿ ನಡದ್ರು. ಕೃಪಾ ಚಪ್ಪಲಿ ಹಾಕ್ಕೊಳ್ಳದ ಹಿಂದ ಓಡಿದ್ಲು. ಗಿಡ ಈಗ ಪಡಸಾಲ್ಯಾಗ ಐತಿ.

ಜೂನ್ ಮಾತಿಗೆ ನನ್ನ ಜವಾಬು ಇದು. ಕೃಪಾನ್ನ ಕೊಡೂದಿಲ್ಲ. ನನ್ನ ಕೂಸು ಬರೂದ್ರಾಗ ಆಕಿ ಅಕ್ಕ ಆಗಬೇಕಾಗೈತಿ, ಕೆಲಸ ಭಾಳ ಐತಿ ಆಕಿಗೆ. ಆದ್ರ ಆಯಿ ಬ್ಯಾಡ ಅಂತ ಈ ಮನ್ಯಾಗ ಯಾರೂ ಅಂದಿಲ್ಲ. ನೀವೇ ಬರ್ರಿ.

ನಾಗಲಕ್ಷ್ಮಿ


ಯಾದಗಿರಿ
16 ಡಿಸೆಂಬರ್ 2024

ನಾಗಲಕ್ಷ್ಮಿಗೆ,

ಪ್ರಾರ್ಥನೆ ಮಾಡು ಅಂತ ಕೂಸು ಬರದಿತ್ತು. ನಾ ಮಾಡಲಿಲ್ಲವ್ವ. ಬೆರಳು ಮಡಚಿ ತಿಂಗಳು ಎಣಿಸಿದೆ. ಚೀಟಿ ಈಗ ಮತ್ತ ತಗದು ಓದಿದೆ. "ನನಗೆ ಗೊತ್ತು" ಅಂತ ಬರದಾಳಲ್ಲ, ಆ ಅಕ್ಷರ ಉಳಿದವಕ್ಕಿಂತ ಒತ್ತಿ ಬರದಾಳ. ಮೂರನೆತ್ತೆ ಹುಡುಗರ ಅಕ್ಷರ ನೋಡೇ ಅವರ ಮನಿ ಸುಖದುಃಖ ಹೇಳ್ತೀನಿ ಅಂತ ನನಗ ಸೊಕ್ಕಿತ್ತು.

ಡಬ್ಬಿ ಮಾತು ಹೇಳ್ತೀನಿ ಕೇಳು. ನೀ ಮೊದಲ ಕಾಗದ ಬರದಾಗ ಕೊಡಬಾರದು ಅಂತ ನನಗ ಅನಿಸಿರಲಿಲ್ಲ. ಸಿಟ್ಟು ಬಂತು, ಆದ್ರ ಕೃಪಾನ ಹೆಸರು ಇತ್ತಲ್ಲ. ಟ್ರಂಕಿನ ಬುಡದಾಗಿಂದ ಡಬ್ಬಿ ತಗದೆ. ಮಣ್ಣು ಮಾಡಿ ಬಂದ ವಾರ ಇಟ್ಟದ್ದು, ಎರಡು ವರ್ಷ ಮುಚ್ಚಳ ತಗದಿರಲಿಲ್ಲ. ನೋಡ್ಲಾಕ ಧೈರ್ಯ ಆಗಿರಲಿಲ್ಲ. ತಗದ್ರ ಬರೀ ಪುಡಿ. ಹುಳ ಬಿದ್ದು ಎಲ್ಲಾ ತಿಂದಾವು. ಚುಕ್ಕಿ ಇಲ್ಲ, ದೂತರಿಲ್ಲ. ಮುದುಕರು ಮುಟ್ಟಿದ್ರ ಉದುರಿದ್ರು. ನಡುವ ಸುತ್ತಿದ್ದ ದಾರ ಅಷ್ಟೇ ಉಳದಾವು, ಸುರುಳಿ ಸುರುಳಿ. ಆಕಿ ಹಲ್ಲಿಲೆ ಕಡಿದ ದಾರ.

ಮಗಳನ್ನ ಮತ್ತೊಮ್ಮೆ ಮಣ್ಣಿಗೆ ಕೊಟ್ಟಂಗಾತು. ಇದನ್ನ ನಿನಗ ಹ್ಯಾಂಗ ಬರೀಲಿ? ಪರಿಚಯ ಇಲ್ಲದಾಕಿಗೆ. ಅದಕ್ಕ "ಕೊಡಲು ಬರುವುದಿಲ್ಲ" ಅಂತ ಬರದೆ. ನನ್ನ ಮಗಳ ಜಾಗದಾಗ ಕುಂತಾಕಿ ಅಂತ ನಿನಗ ಸಿಟ್ಟು ಮಾಡಿದ್ರ ಅಳು ತಡೀತಿತ್ತು.

ಕೃಪಾ ಕೇಳಿದ್ರ ಹ್ಯಾಂಗ ಹೇಳಬೇಕೋ ನೀನೇ ನೋಡು. ನನ್ನಿಂದ ಆಗಂಗಿಲ್ಲ. ಬರ್ರಿ ಅಂತ ಬರದಿ. ಯಾವ ಮಾರಿ ತಗೊಂಡು ಬರ್ಲಿ?

ಬಿಸಿಲಿನಾಗ ನಿಲ್ಲಬ್ಯಾಡ. ಮುಂಜಾನೆದ್ದ ಕೂಡ್ಲೇ ಒಣ ರೊಟ್ಟಿ ಒಂದು ತುಣುಕು ಬಾಯಾಗ ಹಾಕ್ಕೊಂಡ್ರ ವಾಂತಿ ತಡೀತದ.

ಕರುಣಮ್ಮ


ಭೀಮರಾಯನಗುಡಿ
19 ಡಿಸೆಂಬರ್ 2024

ಪ್ರೀತಿಯ ಆಯಿಗೆ,

ನೀನು ಡಬ್ಬಿಗೆ ಅಳಬೇಡ. ಮಮ್ಮಿ ಪ್ರತಿ ವರ್ಷ ಹೊಸ ವರ್ಷ ಆದ ಮೇಲೆ ಎಲ್ಲಾ ತೆಗೆದು ಉಮೆಸಲ್ಮಾ ಆಂಟಿಯ ಆಡಿಗೆ ಹಾಕುತ್ತಿದ್ದಳು. ಆಡು ನಕ್ಷತ್ರ ತಿಂದಿತು. ದೂತರ ಲಂಗ ತಿಂದಿತು. ನಾನು ಜೋರಾಗಿ ಅತ್ತೆ. ಆಗ ಮಮ್ಮಿ ಅಳಬೇಡ ಬರುವ ವರ್ಷ ಹೊಸದು ಮಾಡೋಣ ಅಂದಳು. ನಾನು ಸುಮ್ಮನಾಗಲಿಲ್ಲ. ಅದಕ್ಕೆ ಉಳಿದದ್ದು ಡಬ್ಬಿಯಲ್ಲಿ ಇಟ್ಟಳು. ಇದು ನನಗೆ ಈಗ ನೆನಪಾಯಿತು.

ನಾವು ಡಾಕ್ಟರ್ ಹತ್ತಿರ ಹೋದೆವು. ನಾನೂ ಒಳಗೆ ಹೋದೆ. ಇವರು ಸಾಯುವುದಿಲ್ಲವಂತೆ. ಕೂಸು ಇದೆಯಂತೆ. ಟಿವಿಯಲ್ಲಿ ತೋರಿಸಿದರು. ಕಡಲೆಕಾಳಿನ ಹಾಗೆ ಇರಲಿಲ್ಲ, ಸ್ವಲ್ಪ ದೊಡ್ಡದು.

ಗಿಡಕ್ಕೆ ಮೇಲೆ ಹತ್ತಿ ಚುಚ್ಚಬೇಕು. ನನಗೆ ಎಟಕುವುದಿಲ್ಲ. ಪಪ್ಪ ಎತ್ತಿಕೊಂಡರೆ ಅವರಿಗೆ ಮುಳ್ಳು ಚುಚ್ಚುತ್ತದೆ. ಇವರು ಸ್ಟೂಲ್ ಹತ್ತಬಾರದು ಅಂತ ಡಾಕ್ಟರ್ ಹೇಳಿದ್ದಾರೆ. ನೀನು ಎತ್ತರ ಇದ್ದೀ. ಬಾ.

ಕೃಪಾ


ಯಾದಗಿರಿ
29 ಡಿಸೆಂಬರ್ 2024

ನಾಗೂಗ ಆಶೀರ್ವಾದ.

ಸುಖವಾಗಿ ಮನಿ ಮುಟ್ಟಿದೆ. ನೀ ಕಟ್ಟಿ ಕೊಟ್ಟ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಓಣಿಯವರಿಗೂ ಹಂಚಿದೆ.

ಬಸ್ ಸ್ಟ್ಯಾಂಡಿಗೆ ಸುನೀಲ ಬರ್ತಾನ ಅಂತ ನೀ ಹೇಳಿರಲಿಲ್ಲ. ಇಳಿದು ನೋಡಿದ್ರ ನಿಂತಾನ. ಬ್ಯಾಗ್ ತಗೊಂಡ. ಗಾಡಿ ಮ್ಯಾಲ ಕುಂಡ್ರಿಸಿಕೊಂಡು ಹೊಂಟವ ಪ್ರತಿ ತಗ್ಗಿಗೂ ಗಾಡಿ ನಿಂದ್ರಿಸಿದಂಗ ಮಾಡಿ ಮೆಲ್ಲಕ ದಾಟಿಸ್ತಿದ್ದ. ಅವ ಏನೋ ಅಂದ, ನನಗ ಕೇಳಲಿಲ್ಲ. ಹೂಂ ಅಂದೆ. ಆಮ್ಯಾಲ ಮನಿ ಬಾಗಿಲಾಗ ನನ್ನ ಎದುರಿಗೆ ನಿಂತು ಸಾವಕಾಶ ಮತ್ತ ಅಂದ, ತುಟಿ ನೋಡಿ ತಿಳೀತು: "ಅತ್ತಿ, ಆವತ್ತು ನಾ ಜೋರು ಮಾತಾಡಿದೆ." ನಾನೂ ಮಾತಾಡಿದ್ದೆ ಅಂದೆ. ಅಷ್ಟಕ್ಕೇ ಮುಗೀತು. ಗಂಡಸರು ಇದಕಿಂತ ಜಾಸ್ತಿ ಅನ್ನಂಗಿಲ್ಲ.

ನೀ ಗುಡಿಯಾಗ ನಿಂತಂಗ ಚರ್ಚಿನಾಗ ಎಲ್ಲರೂ ಕುಂತಾಗ ನಿಂತದ್ದು, ಎಲ್ಲರೂ ನಿಂತಾಗ ಮೊಣಕಾಲೂರಿದ್ದು, ಕೃಪಾ ನಿನ್ನ ಸೆರಗು ಹಿಡದು ಎಬ್ಬಿಸಿದ್ದು ನೆನಸ್ಕೊಂಡು ಇಲ್ಲಿ ಒಬ್ಬಾಕಿನೇ ನಗ್ತೀನಿ. ಪಾಸ್ಟರಮ್ಮ ಗಿಡ ನೋಡ್ಲಾಕ ಬಂದು ಮುಳ್ಳು ನೋಡಿ ಹುಬ್ಬೇರಿಸಿದಾಗ ನಾನೇ "ದಾರ ಬೇಕಾಗಂಗಿಲ್ರಿ" ಅಂದೆ. ಅಂದು ಮಾರಿ ಗಿಡದ ಕಡಿ ತಿರುವಿದೆ. ನೀ ನೋಡಿದಿ, ಚಾ ತಂದಿ.

ಮಣ್ಣೆತ್ತು ತಗೀಲೇನ್ರಿ ಅಂತ ಕೇಳಿದ್ದಿ. ತಗೀಬ್ಯಾಡ. ಎತ್ತಿಲ್ಲದ ಗೋದಲಿ ಯಾವುದು? ಕೆಳಗಿನ ಟೊಂಗಿ ಒಣ ಕಾಯಿ ಕೃಪಾ ನನ್ನ ಕಿವಿ ಹತ್ರ ಅಳ್ಳಾಡಿಸಿದ್ಲು. ಕೇಳಲಿಲ್ಲ. ಆಕಿ ನನ್ನ ಮುಷ್ಟಿಯೊಳಗ ಇಟ್ಟು ಅಳ್ಳಾಡಿಸಿದ್ಲು. ಬೀಜ ಓಡಾಡೂದು ಅಂಗೈಗೆ ತಿಳೀತು. ಎಷ್ಟೋ ಹೊತ್ತು ಹಿಡ್ಕೊಂಡೇ ಕುಂತಿದ್ದೆ.

ಹೊರಡೂ ಮುಂಜಾನೆ ನೀ ಅಡುಗಿ ಮನ್ಯಾಗಿದ್ದಾಗ ಕೃಪಾಗ ಕೇಳಿದೆ, "ಆಯಿ ಕೂಡ ಯಾದಗಿರಿಗೆ ಬರ್ತಿ? ಅಲ್ಲೇ ಸಾಲಿ ಓದ್ತಿ?" ನೀ ಬ್ಯಾಡ ಅಂದಿದ್ದಿ, ಆದ್ರೂ ಕೇಳಿದೆ, ಮುಚ್ಚಿಡಂಗಿಲ್ಲ. ಆಕಿ ಯೋಚನಿ ಮಾಡಿ, ನನಗ ತಿಳೀಲಿ ಅಂತ ಪಾಟಿ ಮ್ಯಾಲ ಬರದು ತೋರಿಸಿದ್ಲು: "ರಜೆಯಲ್ಲಿ ಬರುತ್ತೇನೆ. ಈಗ ಇವರಿಗೆ ಯಾರೂ ಕೂದಲು ಹಿಡಿಯುವವರು ಇಲ್ಲ." ನನಗ ಬೇಜಾರಾಗಲಿಲ್ಲವ್ವ. ಆಗ್ತದ ಅಂದ್ಕೊಂಡಿದ್ದೆ.

ಏಳನೇ ತಿಂಗಳಿಗೆ ನಾ ಬರ್ತೀನಿ. ನಿಮ್ಮವ್ವ ಭೀಮಮ್ಮ ನಿನಗ ಬಸುರಿ ಕುಬಸ ಮಾಡ್ಲಾಕ ಬಂದಾಗ ನಾನೂ ಇರ್ತೀನಿ ಅಂತ ಆಕಿಗೆ ಹೇಳಿ ಇಡು. ತಿಂಥಣಿ ಕಡಿ ಏನು ಪದ್ಧತಿ ಅದನೋ ಬರದು ಕಳಿಸು, ನನಗ ಗೊತ್ತಿಲ್ಲ. ಹಸಿರು ಸೀರಿ ಅಂತ ಕೇಳೀನಿ.

ಬಸ್ಸಿನಾಗ ಬಾಜೂಕ ಒಬ್ಬಾಕಿ ಹೆಣ್ಣುಮಗಳು ಕುಂತಿದ್ಲು, ಸುರಪುರದಿಂದ ಬಂದಾಕಿ. ಬಾಯಿ ತುಂಬ ಎಲಿ ಅಡಕಿ, ಆಕಿ ತುಟಿ ಓದೂದು ಕಷ್ಟ ಆತು. ಹಬ್ಬಕ್ಕ ಎಲ್ಲಿಗೆ ಹೋಗಿದ್ರಿ ಅಂತ ಕೇಳಿದ್ಲು. ಮಗಳ ಮನಿಗೆ ಅಂದೆ.

"ಮೊಮ್ಮಕ್ಕಳು ಎಷ್ಟು ಮಂದಿ?" ಅಂದ್ಲು.

"ಒಬ್ಬಾಕಿ ಮೂರನೆತ್ತೆ ಓದ್ತಾಳ," ಅಂದೆ. "ಇನ್ನೊಂದು ಮುಂಗಾರಿಗೆ ಬರ್ತದ."

ಆಯಿ